ಓದಿ, ಪರಿಶೀಲಿಸಿ, ಒಪ್ಪಿದೆ

ಭೂಮಿಯ ಮೇಲೆ ಅಕ್ಷರ ಹುಟ್ಟಿದ ದಿನದಿಂದ ಇವತ್ತಿನವರೆಗೆ ಬುರುಡೆಯಷ್ಟು ವೇಗವಾಗಿ ಓದಿದ ಮನುಷ್ಯ ಇನ್ನೊಬ್ಬನಿಲ್ಲ. ದಿನಕ್ಕೆ ಹತ್ತು ಸಾವಿರ ಪುಟ. ಅದೂ ಊಟದ ಬಿಡುವು ಕಳೆದು. ಅವನು ಓದುವ ರಭಸಕ್ಕೆ ಸ್ಕ್ರೀನು ಕಾದು, ಮೇಲೆ ಟೀ ಪಾತ್ರೆ ಇಟ್ಟರೆ ಉಕ್ಕಿ ಬರುತ್ತಿತ್ತು. ಅವನ ಕಣ್ಣು ಸಾಲಿನಿಂದ ಸಾಲಿಗೆ ಇಳಿಯುವ ಗಾಳಿಗೆ ಎದುರು ಗೋಡೆಯ ಕ್ಯಾಲೆಂಡರು ತಾನಾಗಿ ಮಗುಚಿಕೊಂಡು ಮುಂದಿನ ತಿಂಗಳಿಗೆ ಹೋಗುತ್ತಿತ್ತು. ನಂಬದವರು ಕಂಪನಿಯ ದಾಖಲೆ ತೆಗೆಸಿ ನೋಡಲಿ. ಎಲ್ಲಾ ಬರೆದಿಟ್ಟಿದ್ದಾರೆ. ಯಾವ ದಿನ, ಯಾವ ಗಂಟೆ, ಎಷ್ಟು ಸೆಕೆಂಡು. ದಾಖಲೆ ಸುಳ್ಳು ಹೇಳುತ್ತದೆಯೇ?

ಬುರುಡೆ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಜೊತೆಗೆ ಕೆಲಸ ಮಾಡುವವರು ಇಟ್ಟದ್ದು. ಬಾಯಿ ತೆಗೆದರೆ ಬುರುಡೆ ಬಿಡುತ್ತಾನೆ ಅಂತ. ಒಂದು ಹೆಗ್ಗಣ ಕಂಡರೆ ಅವನ ಬಾಯಲ್ಲಿ ಅದು ಕರುವಾಗುತ್ತಿತ್ತು. ಊಟ ಮುಗಿಯುವ ಹೊತ್ತಿಗೆ ಆ ಕರು ಕೊಂಬು ಬೆಳೆಸಿಕೊಂಡು ಮ್ಯಾನೇಜರನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಜನ ನಗುತ್ತಿದ್ದರು. ನಗದಿದ್ದರೆ ಅಲ್ಲಿ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅದು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆ. ನಡುವೆ ಒಂದು ಗೋಡೆ. ಗೋಡೆಯ ಈಚೆ ಕೊಳೆ ಕಡೆ. ಆಚೆ ಒಣ ಕಡೆ. ಗೋಡೆಯನ್ನೇ ಕೊರೆದು ಒಗೆಯುವ ಯಂತ್ರಗಳನ್ನು ಕೂರಿಸಿದ್ದಾರೆ. ಈಚೆ ಬಾಯಿಗೆ ಕೊಳೆ ತುಂಬಿದರೆ ಆಚೆ ಬಾಯಿಂದ ಬಿಳಿ ಬರುತ್ತದೆ. ಬಟ್ಟೆ ಗೋಡೆ ದಾಟುತ್ತದೆ. ಮನುಷ್ಯ ದಾಟುವಂತಿಲ್ಲ. ಕೊಳೆ ಕಡೆಯವರಿಗೆ ಬೇರೆ ಗೇಟು. ಬೇರೆ ನಲ್ಲಿ. ಬೇರೆ ಬೆಂಚು. ಸೋಂಕು ಹರಡಬಾರದು ಅಂತ ಬೋರ್ಡಿನಲ್ಲಿ ಬರೆದಿದೆಯಂತೆ. ಕೊಳೆ ಕಡೆಯವರ ಮಕ್ಕಳು ದೊಡ್ಡವರಾದ ಮೇಲೆ ಅವರಿಗೂ ಕೊಳೆ ಕಡೆಯೇ ಕೆಲಸ ಸಿಗುತ್ತದೆ. ಅದು ಯಾವ ಸೋಂಕು ಅಂತ ಬೋರ್ಡಿನಲ್ಲಿ ಬರೆದಿಲ್ಲ.

ಬುರುಡೆ ಅಲ್ಲಿ ಹನ್ನೊಂದು ವರ್ಷ ದುಡಿದ. ಅವನ ಅಕ್ಕ ಹದಿನಾರು ವರ್ಷ.

ಚೀಲ ಸುರಿಯಬೇಕು. ಚಾದರ, ಗೌನು, ದಿಂಬಿನ ಚೀಲ. ರಕ್ತದ್ದು ಬೇರೆ, ಮಲದ್ದು ಬೇರೆ, ವಾಂತಿಯದು ಬೇರೆ. ನೆನೆದ ಚಾದರ ಹೆಣದಷ್ಟು ಭಾರ. ಎತ್ತಬೇಕು, ಕೊಡವಬೇಕು, ಟ್ರಾಲಿಗೆ ಎಸೆಯಬೇಕು. ತುಂಬಿದ ಟ್ರಾಲಿಯನ್ನು ಹೊಟ್ಟೆಯಿಂದ ನೂಕಬೇಕು. ಕೈಯಲ್ಲಿ ಶಕ್ತಿ ಉಳಿದಿರುವುದಿಲ್ಲ. ಗ್ಲೌಸು ವಾರಕ್ಕೊಂದು ಜೊತೆ, ಹರಿಯುವುದು ಎರಡನೇ ದಿನ. ಬೆರಳ ತುದಿ ಬೆಂದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಸುಲಿಯುತ್ತದೆ. ಮನೆಗೆ ಹೋಗಿ ಮೂರು ಸಲ ಸೋಪು ಹಚ್ಚಿದರೂ ಕೈ ಬಾಯಿಯ ಹತ್ತಿರ ಬಂದಾಗ ವಾಸನೆ ಬರುತ್ತದೆ. ಕೊನೆಗೆ ವಾಸನೆಯೂ ಬರುವುದಿಲ್ಲ. ಮೂಗು ಸತ್ತುಹೋಗುತ್ತದೆ.

ಚಾದರದ ಮಡಿಕೆಯೊಳಗೆ ಸೂಜಿ ಇರುತ್ತದೆ. ಯಾರೋ ಚುಚ್ಚಿಸಿಕೊಂಡ ಸೂಜಿ. ಯಾರೋ ನರ್ಸಮ್ಮ ಅವಸರದಲ್ಲಿ ಮರೆತದ್ದು. ಒಂದು ಸಲ ಅಕ್ಕನ ಅಂಗೈಗೆ ಇಳಿಯಿತು. ಆರು ತಿಂಗಳು ರಕ್ತ ಪರೀಕ್ಷೆಗೆ ಅಲೆದಳು. ಆರು ತಿಂಗಳು ತನ್ನ ಮಗಳಿಗೆ ತುತ್ತು ಕೊಡಲಿಲ್ಲ, ತಲೆ ಬಾಚಲಿಲ್ಲ. ಏನೂ ಆಗಿರಲಿಲ್ಲ. ಅಂದಿನಿಂದ ಅಕ್ಕ ಪ್ರತಿ ಚಾದರದ ಮಡಿಕೆ ಬಿಡಿಸಿ, ನೋಡಿ, ಆಮೇಲೆ ಎತ್ತುತ್ತಾಳೆ. ಒಂದು ಉಸಿರಿನಷ್ಟು ಹೊತ್ತು. ಅಷ್ಟೇ.

ಚಾವಣಿಯಲ್ಲಿ ಕ್ಯಾಮೆರಾ ಕೂತಿತು. ಎಷ್ಟು ಚಾದರ, ಎಷ್ಟು ಹೊತ್ತು, ಯಾರು ಎಷ್ಟು ಸಲ ಕಕ್ಕಸ್ಸಿಗೆ ಹೋದರು, ಎಲ್ಲವನ್ನೂ ಯಂತ್ರ ಎಣಿಸಿತು. ನಾಳೆ ಯಾರಿಗೆ ಕೆಲಸ, ಯಾರಿಗೆ ಇಲ್ಲ, ಯಾರ ಕಾರ್ಡಿಗೆ ಗೇಟು ತೆರೆಯಬಾರದು, ಅದನ್ನೂ ಯಂತ್ರವೇ ತೀರ್ಮಾನಿಸಿತು. ಜನ ಬೆಳಿಗ್ಗೆ ಬಂದು ಕಾರ್ಡು ಉಜ್ಜುತ್ತಿದ್ದರು. ಗೇಟು ತೆರೆಯದಿದ್ದರೆ ಇನ್ನೊಂದು ಸಲ ಉಜ್ಜುತ್ತಿದ್ದರು. ಸೆರಗಿನಲ್ಲಿ ಒರೆಸಿ ಮತ್ತೊಂದು ಸಲ. ಆಮೇಲೆ ವಾಪಸ್ಸು ಹೋಗುತ್ತಿದ್ದರು. ಕೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಆಗ ಸರ್ಕಾರದ ನಿಯಮ ಬಂತು. ಮನುಷ್ಯನ ಬಗ್ಗೆ ಯಂತ್ರ ಏನೇ ತೀರ್ಮಾನ ಮಾಡಿದರೂ ಅದನ್ನು ಒಬ್ಬ ಮನುಷ್ಯ ಓದಿ ನೋಡಬೇಕು. ನೋಡಿದವನು ಯಾರು, ಯಾವಾಗ ನೋಡಿದ, ಎಷ್ಟು ಹೊತ್ತು ನೋಡಿದ, ಏನೆಂದ, ಎಲ್ಲಕ್ಕೂ ದಾಖಲೆ ಇಡಬೇಕು.

ಕಂಪನಿ ಒಣ ಕಡೆ ಗಾಜಿನ ಕೋಣೆ ಕಟ್ಟಿಸಿತು. ಕಾಲೇಜು ಓದಿದ ಒಬ್ಬ ಹುಡುಗಿಯನ್ನು ಕೂರಿಸಿತು. ಅವಳು ನಿಜವಾಗಿಯೂ ಓದಿದಳು. ಒಂದೊಂದಕ್ಕೆ ಆರು ನಿಮಿಷ. ಬೇಡ ಅಂದಳು. ಇದು ಸರಿಯಿಲ್ಲ ಅಂದಳು. ಕೊಳೆ ಕಡೆಗೆ ಹೋಗಿ ಕೇಳಿಕೊಂಡು ಬರುತ್ತೇನೆ ಅಂದಳು. ಮೂರನೇ ವಾರ ಅವಳ ಕಾರ್ಡಿಗೂ ಗೇಟು ತೆರೆಯಲಿಲ್ಲ. ಅದನ್ನು ಮ್ಯಾನೇಜರೇ ಓದಿ ಒಪ್ಪಿದರಂತೆ.

ಆಮೇಲೆ ಮ್ಯಾನೇಜರು ಬುರುಡೆಯನ್ನು ಕರೆಸಿದರು. ಆ ಹೊತ್ತಿಗೆ ಅವನ ಸೊಂಟ ಬಿದ್ದುಹೋಗಿತ್ತು. ಟ್ರಾಲಿ ನೂಕಲು ಆಗುತ್ತಿರಲಿಲ್ಲ.

“ಏನಯ್ಯಾ, ಓದಕ್ಕೆ ಬರುತ್ತಾ?”

“ಓದೋದಾ ಸಾರ್! ಪೇಪರ್ ಮಡಚಿ ಜೇಬಲ್ಲಿ ಇಟ್ಕೊಳ್ಳಿ, ಹೊರಗಡೆಯಿಂದಲೇ ಓದ್ತೀನಿ.”

ಮ್ಯಾನೇಜರು ಒಂದು ಹಾಳೆ ಕೊಟ್ಟರು. ಬುರುಡೆ ಹಿಡಿದುಕೊಂಡ. ಹುಬ್ಬು ಗಂಟಿಕ್ಕಿದ. ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದ.

“ಏನಿದೆ ಅದ್ರಲ್ಲಿ?”

“ನಮ್ ಕಂಪನಿ ಒಳ್ಳೆತನ ಇದೆ ಸಾರ್.”

ಹಾಳೆಯಲ್ಲಿ ಇದ್ದದ್ದು ಇಲಿ ಪಾಷಾಣ ಇಡುವ ವಿಧಾನ. ಮ್ಯಾನೇಜರು ಬಹಳ ಹೊತ್ತು ನಕ್ಕರು. ಕಣ್ಣು ಒರೆಸಿಕೊಂಡರು. “ನಂಗೆ ಬೇಕಾದೋನು ನೀನೇ ಕಣಯ್ಯಾ. ನಾಳೆಯಿಂದ ಒಣ ಕಡೆ ಬಾ. ಮೂರು ಸಲ ಚೆನ್ನಾಗಿ ಸ್ನಾನ ಮಾಡ್ಕೊಂಡು ಬಾ.”

ಬುರುಡೆ ನಾಲ್ಕು ವರ್ಷ ಶಾಲೆಗೆ ಹೋಗಿದ್ದ. ನಾಲ್ಕು ವರ್ಷವೂ ಅಂಗಳ ಗುಡಿಸಿದ. ಮೇಷ್ಟ್ರು ಅವನನ್ನು ಬಾಗಿಲಾಚೆ ಕೂರಿಸುತ್ತಿದ್ದರು. ನೀರು ಹೊತ್ತ ಕೊಡ ಎಣಿಸಿ ಹೇಳಬೇಕಾಗಿತ್ತು, ಅದಕ್ಕೆ ಅಂಕಿ ಕಲಿಸಿದರು. ಅಕ್ಷರ ಕಲಿಸಲಿಲ್ಲ. ಇದು ಗೊತ್ತಿದ್ದವಳು ಅಕ್ಕ ಒಬ್ಬಳೇ. ಈಗ ಮ್ಯಾನೇಜರಿಗೂ ಗೊತ್ತಾಯಿತು. ಆದರೆ ಮ್ಯಾನೇಜರಿಗೆ ಗೊತ್ತಿಲ್ಲದ ಹಾಗೆ ಇರುವುದು ಗೊತ್ತಿತ್ತು.

ಕೆಲಸ ಸುಲಭ. ಸ್ಕ್ರೀನಿನ ಮೇಲೆ ಅಕ್ಷರ ತುಂಬಿಕೊಂಡು ಬರುತ್ತದೆ. ಕೆಳಗೆ ಹಸಿರು ಗುಂಡಿ, ಕೆಂಪು ಗುಂಡಿ. ಮೊದಲನೇ ದಿನ ಬುರುಡೆ ಕೆಂಪು ಒತ್ತಿದ. ಬಣ್ಣ ಚೆನ್ನಾಗಿದೆ ಅಂತ. ಒಂದು ಬಿಳಿ ಚೌಕ ತೆರೆಯಿತು. ಅದರೊಳಗೆ ಒಂದು ಗೆರೆ ಮಿಣುಕಿತು. ಮಿಣುಕುತ್ತಲೇ ಇತ್ತು. ಮುಂದಿನದು ಬರಲಿಲ್ಲ. ಬುರುಡೆ ನಲವತ್ತು ನಿಮಿಷ ಆ ಗೆರೆಯನ್ನೇ ನೋಡುತ್ತಾ ಕೂತ. ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಮ್ಯಾನೇಜರು ಬಂದು ಅದನ್ನು ಮುಚ್ಚಿದರು.

“ಕೆಂಪು ಒತ್ತಿದ್ರೆ ಯಾಕೆ ಬೇಡ ಅಂತ ಬರೀಬೇಕು. ಹಸಿರು ಒತ್ತಿದ್ರೆ ಏನೂ ಬರೀಬೇಕಾಗಿಲ್ಲ. ಅದೇ ಬರ್ಕೊಳ್ಳುತ್ತೆ. ‘ಓದಿ, ಪರಿಶೀಲಿಸಿ, ಒಪ್ಪಿದೆ’ ಅಂತ. ಗೊತ್ತಾಯ್ತಾ?”

ಗೊತ್ತಾಯಿತು.

ಅಂದಿನಿಂದ ಬುರುಡೆ ಹಸಿರು ಒತ್ತಿದ. ಹನ್ನೊಂದು ತಿಂಗಳು ಒತ್ತಿದ. ಬೆರಳು ಬಂದೂಕಿನ ಕುದುರೆಗಿಂತ ಚುರುಕು. ಅವನ ಒಂದು ಒತ್ತಿಗೆ ಹನ್ನೊಂದು ಕಾರ್ಖಾನೆಗಳ ಗೇಟುಗಳು ಒಟ್ಟಿಗೆ ತೆರೆಯುತ್ತಿದ್ದವು, ಒಟ್ಟಿಗೆ ಮುಚ್ಚುತ್ತಿದ್ದವು. ಸಂಜೆ ಕೊಳೆ ಕಡೆಯ ಗೇಟಿನ ಹತ್ತಿರ ನಿಂತು ಇದನ್ನೆಲ್ಲಾ ಹೇಳುತ್ತಿದ್ದ. ಯಾರೂ ನಗುತ್ತಿರಲಿಲ್ಲ. ಬೆನ್ನಿನ ಮೇಲೆ ಕೈ ಹಾಕುತ್ತಿದ್ದ ಗೆಳೆಯರು ಈಗ ದೂರ ನಿಂತು “ಏನು ಸಾರ್” ಅನ್ನುತ್ತಿದ್ದರು. ಅವನು ಅದಕ್ಕೂ ಹಿಗ್ಗಿದ.

ಒಂದು ಸೋಮವಾರ ಅಕ್ಕನ ಕಾರ್ಡಿಗೆ ಗೇಟು ತೆರೆಯಲಿಲ್ಲ. ಗಂಟೆಗೆ ನಾನೂರು ಸಲ ಕೈ ನಿಲ್ಲಿಸುತ್ತಾಳೆ ಅಂತ ಯಂತ್ರ ತೀರ್ಮಾನಿಸಿತ್ತು. ಅದು ಗಾಜಿನ ಕೋಣೆಗೆ ಬಂದಿತ್ತು. ಹಸಿರು ಬಿದ್ದಿತ್ತು. ಪಾಪ, ಬುರುಡೆಗೇನು ಗೊತ್ತು? ಅಕ್ಷರವೆಲ್ಲಾ ಅವನಿಗೆ ಒಂದೇ.

ಎರಡು ವಾರ ಕಳೆದ ಮೇಲೆ ಅಕ್ಕ ಅವನ ಮನೆ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ಹಾಳೆ.

“ಬಾ ಅಕ್ಕ, ಒಳಗೆ ಕೂತ್ಕೋ.”

“ಕೂತ್ಕೊಳ್ಳಕ್ಕೆ ಬಂದಿಲ್ಲ. ಮುನ್ನೂರ ಹದಿನೆಂಟು ಯಾರ ನಂಬರೋ?”

“ನಂದು.”

“ಕಾರ್ಮಿಕ ಕಚೇರಿ ಮೇಡಂ ಓದಿ ಹೇಳಿದ್ರು. ನನ್ನನ್ನ ತೆಗೆದಿದ್ದು ಯಂತ್ರ ಅಂತೆ. ಅದನ್ನ ಓದಿ, ಪರಿಶೀಲಿಸಿ, ಒಪ್ಪಿದ್ದು ಮುನ್ನೂರ ಹದಿನೆಂಟು ಅಂತೆ.” ಅಕ್ಕನಿಗೆ ನಗು ಬಂತು. ಅಳುವಿನ ಪಕ್ಕದಲ್ಲೇ ಇರುತ್ತದಲ್ಲ, ಆ ನಗು. “ಓದಿ ಅಂತೆ ಕಣೋ! ನಾನು ಮೇಡಂ ಮುಂದೆ ಬಾಯಿ ಮುಚ್ಕೊಂಡು ಕೂತಿದ್ದೆ.”

“ನೀನು ಹೇಳ್ಲಿಲ್ವಾ?”

“ಏನಂತ ಹೇಳ್ಲಿ? ನನ್ ತಮ್ಮನಿಗೆ ಅಕ್ಷರ ಬರಲ್ಲ ಅಂತ ಊರಿಗೆಲ್ಲಾ ಸಾರ್ಲಾ? ಆ ಮರ್ಯಾದೆ ನಿಂದು. ಬೇಕಾದ್ರೆ ನೀನೇ ಕಳ್ಕೋ. ನಾನು ಕಳೆಯಲ್ಲ.”

ಬುರುಡೆ ಹೊಸ್ತಿಲಲ್ಲೇ ನಿಂತಿದ್ದ. ಬೆರಳು ಜೋಮು ಹಿಡಿದಿತ್ತು. ಈಚೆಗೆ ಆ ಬೆರಳು ಹಾಗೆಯೇ ಇರುತ್ತಿತ್ತು. ಬಿಸಿ ತಾಕಿದರೂ ತಿಳಿಯುತ್ತಿರಲಿಲ್ಲ.

“ಅಕ್ಕ, ಅದು ನಿಂದು ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಹೇಳು. ಇರುವೆ ಸಾಲು ಹರಿದ ಹಾಗೆ ಬರುತ್ತೆ, ಹೋಗುತ್ತೆ. ಕಣ್ಣು ಮಿಟುಕಿಸೋದ್ರೊಳಗೆ.”

“ಗೊತ್ತಾಗಿದ್ರೆ?”

“ಗೊತ್ತಾಗಿದ್ರೆ ಸುಮ್ನೆ ಬಿಡ್ತಿದ್ನಾ? ಸ್ಕ್ರೀನ್ ಕಿತ್ತು ಮ್ಯಾನೇಜರ್ ತಲೆ ಮೇಲೆ ಹಾಕ್ತಿದ್ದೆ. ಈ ಬೆರಳು ಕಡಿದು ಟೇಬಲ್ ಮೇಲೆ ಇಟ್ಟು ಎದ್ದು ಬರ್ತಿದ್ದೆ.”

ಅಕ್ಕ ಅವನ ಮುಖವನ್ನೇ ನೋಡಿದಳು. “ಅಷ್ಟು ಸಾಕು ಬಿಡು,” ಎಂದಳು. “ನೋಡಿದ್ರೆ ನೀನು ಒತ್ತಿರ್ತಿರ್ಲಿಲ್ಲ. ನಂಗೆ ಅದೊಂದೇ ಬೇಕಾಗಿತ್ತು. ಕೆಲಸ ಆ ಮೇಡಂ ಕೊಡಿಸ್ತಾರೋ ಇಲ್ವೋ, ನೋಡೋಣ.”

ಅಕ್ಕನ ದೂರಿನ ವಿಚಾರಣೆಯ ದಿನ ಕಾರ್ಮಿಕ ಕಚೇರಿಯ ಮೊಗಸಾಲೆಯಲ್ಲಿ ಮ್ಯಾನೇಜರು ಬುರುಡೆಯನ್ನು ಗೋಡೆಯ ಪಕ್ಕಕ್ಕೆ ಕರೆದರು.

“‘ಓದಿದೆ’ ಅನ್ನು. ಅದೊಂದೇ ಮಾತು. ಮಿಕ್ಕಿದ್ದು ನಮ್ ವಕೀಲ್ರು ನೋಡ್ಕೋತಾರೆ. ಅನ್ಲಿಲ್ಲ ಅಂದ್ರೆ, ಕೊಳೆ ಕಡೆ ನಿನ್ನ ಏಪ್ರನ್ ಇನ್ನೂ ಮೊಳೆಯಲ್ಲೇ ನೇತಾಡ್ತಿದೆ.”

ಒಳಗೆ ಒಂದು ಉದ್ದ ಮೇಜು. ಒಂದು ತುದಿಯಲ್ಲಿ ಅಧಿಕಾರಿ ಮೇಡಂ. ಪಕ್ಕದಲ್ಲಿ ಟೈಪು ಮಾಡುವ ಗುಮಾಸ್ತ. ಒಂದು ಕಡೆ ಕಂಪನಿಯ ವಕೀಲರು, ಮ್ಯಾನೇಜರು. ಇನ್ನೊಂದು ಕಡೆ ಅಕ್ಕ. ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದಳು. ಕೊಳೆ ಕಡೆಯವರು ಎಲ್ಲಿ ಹೋದರೂ ಕೈ ಕೆಳಗೆ ಇಟ್ಟುಕೊಳ್ಳುತ್ತಾರೆ.

ಮೇಡಂ ದಾಖಲೆ ಓದಿದರು. “ಹನ್ನೊಂದು ತಿಂಗಳಲ್ಲಿ ನಲವತ್ತೊಂದು ಸಾವಿರದ ಆರುನೂರ ಮೂವತ್ತು ತೀರ್ಮಾನ. ಎಲ್ಲದಕ್ಕೂ ಒಪ್ಪಿಗೆ. ಒಂದೊಂದಕ್ಕೆ ಮೂರು ಸೆಕೆಂಡ್. ಇದು ಓದೋದಾ, ಇಲ್ಲ ನೊಣ ಹೊಡೆಯೋದಾ?”

ಬುರುಡೆಯ ಬಾಯಿ ತಾನಾಗಿ ತೆರೆಯಿತು. “ನಾನು ಬಹಳ ಫಾಸ್ಟ್ ಮೇಡಂ. ಮೂರು ಸೆಕೆಂಡ್ ಹೆಚ್ಚಾಯ್ತು. ಆವತ್ತು ಹುಷಾರಿರ್ಲಿಲ್ಲ ಅಂತ ಕಾಣುತ್ತೆ.”

ಗುಮಾಸ್ತ ಮೀಸೆಯಡಿ ನಕ್ಕ. ಮ್ಯಾನೇಜರು ನೆಮ್ಮದಿಯಾಗಿ ಒರಗಿ ಕೂತರು. ವಕೀಲರು ಎದ್ದು ನಿಂತರು.

“ಮೇಡಂ, ಎಲ್ಲದರ ಸರಾಸರಿ ಹಿಡಿದು ನಮ್ಮನ್ನ ಅಳೆಯಬೇಡಿ. ಈ ಹೆಂಗಸಿನ ತೀರ್ಮಾನ ಮಾತ್ರ ತಗೊಳ್ಳಿ. ಆ ಸಾಲು ನೋಡಿ. ನಾಲ್ಕು ನಿಮಿಷ ಹನ್ನೊಂದು ಸೆಕೆಂಡ್. ಇಡೀ ದಾಖಲೆಯಲ್ಲಿ ಇಷ್ಟು ಹೊತ್ತು ತಗೊಂಡು ಒಪ್ಪಿದ್ದು ಇದೊಂದೇ. ಅಂದ್ರೆ ಎಷ್ಟು ಯೋಚನೆ ಮಾಡಿದಾನೆ, ಎಷ್ಟು ಜವಾಬ್ದಾರಿಯಿಂದ ಓದಿದಾನೆ! ಇದಕ್ಕಿಂತ ಪರಿಶೀಲನೆ ಬೇಕಾ?”

ಗುಮಾಸ್ತ ಟೈಪು ನಿಲ್ಲಿಸಿ ತಲೆ ಎತ್ತಿದ.

ಅಕ್ಕ ತಲೆ ತಿರುಗಿಸಿ ತಮ್ಮನನ್ನು ನೋಡಿದಳು.

“ನಾಲ್ಕು ನಿಮಿಷ ಏನು ಓದಿದ್ರಿ?” ಮೇಡಂ ಒಂದು ಹಾಳೆಯನ್ನು ಅವನ ಕಡೆ ಸರಿಸಿದರು. “ಇದೇ ಆ ತೀರ್ಮಾನ. ಇನ್ನೊಂದು ಸಲ ಓದಿ.”

ವಕೀಲರು ತಕ್ಷಣ ಅಂದರು, “ಅವನು ಕನ್ನಡಕ ತಂದಿಲ್ಲ ಮೇಡಂ.”

ಒಳ್ಳೆಯ ದಾರಿ. ಅಗಲವಾದ ದಾರಿ. ಹೌದು, ತಂದಿಲ್ಲ ಅಂದರೆ ಮುಗಿಯಿತು. ಬುರುಡೆ ಹಾಳೆ ಹಿಡಿದುಕೊಂಡ. ಕಪ್ಪು ಕಪ್ಪು. ತಲೆಯನ್ನು ಎಡಕ್ಕೆ ಆಡಿಸಿದ. ಬಲಕ್ಕೆ ಆಡಿಸಲಿಲ್ಲ. ಹಾಳೆಯನ್ನು ಕೆಳಗಿಟ್ಟ.

“ನಂಗೆ ಕನ್ನಡಕನೇ ಇಲ್ಲ,” ಎಂದ. “ಓದಕ್ಕೆ ಬರಲ್ಲ.”

“ಏನಂದ್ರಿ?”

“ಅಕ್ಷರ ಬರಲ್ಲ ಮೇಡಂ. ಒಂದೂ ಬರಲ್ಲ. ಮ್ಯಾನೇಜರ್ ಸಾಹೇಬ್ರಿಗೆ ಗೊತ್ತು. ಗೊತ್ತಿದ್ದೇ ಕೂರಿಸಿದ್ರು. ಇನ್ಮೇಲೆ ನಾನು ಆ ಕುರ್ಚಿ ಮೇಲೆ ಕೂರಲ್ಲ.”

“ಮೋಸ!” ವಕೀಲರು ಕೂಗಿದರು. “ಓದಕ್ಕೆ ಬರುತ್ತೆ ಅಂತ ಸುಳ್ಳು ಹೇಳಿ ಕೆಲಸಕ್ಕೆ ಸೇರಿದಾನೆ.” ಮ್ಯಾನೇಜರು ಕೈಗೆ ಸಿಕ್ಕ ಫೈಲನ್ನು ಮೇಜಿನ ಮೇಲೆ ಬಡಿದರು. “ಕೊಳೆ ಕಡೆಯವರನ್ನ ಒಳಗೆ ಬಿಟ್ಟಿದ್ದೇ ನನ್ ತಪ್ಪು,” ಎಂದರು. ಗುಮಾಸ್ತ ಅದನ್ನೂ ಟೈಪು ಮಾಡಿದ. ಅಳಿಸಿ ಎಂದು ಮ್ಯಾನೇಜರು ಹೇಳಿದರು. ಮೇಡಂ ಬೇಡವೆಂದು ತಲೆಯಾಡಿಸಿದರು.

ಅಕ್ಕ ಇನ್ನೂ ಅವನನ್ನೇ ನೋಡುತ್ತಿದ್ದಳು. ಗೆದ್ದವರ ಮುಖ ಅಲ್ಲ ಅದು.

“ಸರಿ,” ಮೇಡಂ ಮೆತ್ತಗೆ ಕೇಳಿದರು. “ಅಕ್ಷರ ಬರಲ್ಲ. ಅಂದ್ರೆ ಅದು ಯಾರ ತೀರ್ಮಾನ ಅಂತ ನಿಮಗೆ ಗೊತ್ತಾಗೋ ಹಾಗೇ ಇರ್ಲಿಲ್ಲ. ಅಲ್ವಾ?”

ಹೂಂ ಅಂದರೆ ಸಾಕಾಗಿತ್ತು. ಅಕ್ಕನ ಕೆಲಸ ಅಕ್ಕನಿಗೆ. ತಮ್ಮ ಅಕ್ಕನಿಗೆ. ಆದರೆ ಆ ನಾಲ್ಕು ನಿಮಿಷ ದಾಖಲೆಯಲ್ಲಿ ಕೂತಿತ್ತು. ಅಕ್ಕನಿಗೆ ಅಕ್ಷರ ಬರುವುದಿಲ್ಲ. ಆದರೆ ನಾಲ್ಕು ನಿಮಿಷ ಎಂದರೆ ಎಷ್ಟು ಹೊತ್ತು ಎಂದು ಅವಳಿಗೆ ಗೊತ್ತು. ಕೊಳೆ ಕಡೆ ನಾಲ್ಕು ನಿಮಿಷದಲ್ಲಿ ಮೂವತ್ತು ಚಾದರ ಎತ್ತಬೇಕು.

ದಿನಕ್ಕೆ ಹತ್ತು ಸಾವಿರ ಪುಟ ಎಂದು ಹೇಳಿದ್ದು ಸುಳ್ಳು. ಅದನ್ನು ಯಾರೂ ಹೇಗೂ ನಂಬಿರಲಿಲ್ಲ. ಬುರುಡೆಗೇನು ಗೊತ್ತು, ಪಾಪ, ಎಂದು ಹೇಳಿದ್ದೂ ಸುಳ್ಳು.

“ಅಂಕಿ ಬರುತ್ತೆ ಮೇಡಂ.”

“ಅಂದ್ರೆ?”

“ಮೇಲ್ಗಡೆ ಕೆಲಸದವರ ನಂಬರ್ ಇರುತ್ತೆ. ದಪ್ಪಕ್ಕೆ. ಇನ್ನೂರ ಏಳು ಅಂತ ಬಂತು. ಇನ್ನೂರ ಏಳು ನಮ್ಮಕ್ಕ.”

ಬುರುಡೆಯ ದನಿಯಲ್ಲಿ ಏರಿಳಿತವಿರಲಿಲ್ಲ. ತನ್ನದಲ್ಲದ ಬಾಯಿಯಿಂದ ಬರುತ್ತಿದ್ದ ಹಾಗಿತ್ತು.

“ಬೇರೆಯವರ ನಂಬರೂ ಗೊತ್ತಾಗ್ತಿತ್ತು. ನಮ್ ಜೊತೆ ದುಡಿದೋರು. ನೂರ ನಲವತ್ತು, ನೂರ ಅರವತ್ತೆರಡು. ಎಲ್ಲಾ ಗೊತ್ತಾಗ್ತಿತ್ತು. ನೋಡ್ಬಾರ್ದು ಅಂತ ಬೇಗ ಒತ್ತುತ್ತಿದ್ದೆ. ಅದಕ್ಕೆ ಮೂರು ಸೆಕೆಂಡ್. ಇದಕ್ಕೆ ಕೈ ಬರ್ಲಿಲ್ಲ.”

“ಕೆಂಪು ಒತ್ತಬಹುದಾಗಿತ್ತಲ್ಲ?”

“ಒತ್ತಿದ್ರೆ ಬರೀಬೇಕು. ಬರಿಯಕ್ಕೆ ಬರಲ್ಲ ಅಂತ ಎಲ್ರಿಗೂ ಗೊತ್ತಾಗುತ್ತೆ. ಮತ್ತೆ ಕೊಳೆ ಕಡೆಗೆ ಹೋಗ್ಬೇಕು.” ಅವನು ಅಕ್ಕನ ಕಡೆ ನೋಡಲಿಲ್ಲ. “ಹಸಿರು ಒತ್ತಿದೆ.”

ಅಕ್ಕ ಮೇಜಿನ ಕೆಳಗಿನಿಂದ ಕೈ ತೆಗೆದಳು. ಸಿಪ್ಪೆ ಸುಲಿದ ಬೆರಳುಗಳನ್ನು ಮೇಜಿನ ಮೇಲೆ, ಎಲ್ಲರ ಮುಂದೆ ಇಟ್ಟಳು.

“ಒತ್ತಿದ ಮೇಲೆ?” ಮೇಡಂ ಕೇಳಿದರು. “ಆಮೇಲೆ ಏನು ಮಾಡಿದ್ರಿ?”

“ಮುಂದಿನದು ಬಂತು ಮೇಡಂ,” ಎಂದ. “ಅದನ್ನೂ ಒತ್ತಿದೆ.”